ತುಪ್ಪ ಹರಳಾಗದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ತುಪ್ಪ ಹರಳು ಹರಳಾಗಿ ಕೂರಲಿಲ್ಲವೆಂದರೆ ಮೊದಲು ಬರುವುದು ಬೆರಕೆಯ ಅನುಮಾನ. ಬೆಣ್ಣೆ ಕೊಟ್ಟವರ ಮೇಲೆ, ಹಾಲು ಹಾಕುವವರ ಮೇಲೆ, ಅಂಗಡಿಯವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅಪ್ಪಟ ತುಪ್ಪವೂ ಬೆಣ್ಣೆಯಂತೆ ನುಣ್ಣಗೆ ಕೂರಬಹುದು, ವಾರಗಟ್ಟಲೆ ನೀರಾಗಿಯೇ ನಿಲ್ಲಬಹುದು, ಎರಡು ಪದರವಾಗಿ ಒಡೆಯಬಹುದು. ಇತ್ತ ಸಸ್ಯದ ಎಣ್ಣೆಯನ್ನು ಗಟ್ಟಿಗೊಳಿಸಿ ಮಾಡಿದ ವನಸ್ಪತಿ ಚೆಂದದ ಹರಳು ಕಟ್ಟಬಹುದು. ಆ ಕೊಬ್ಬು ಹೇಗೆ ತಣಿಯಿತು ಎಂಬುದನ್ನು ಹರಳು ಚೆನ್ನಾಗಿ ಹೇಳುತ್ತದೆ. ಶುದ್ಧವೋ ಅಲ್ಲವೋ ಎಂಬುದರ ಬಗ್ಗೆ ಅದು ಹೇಳುವುದು ಬಹಳ ಕಡಿಮೆ. ಯಾರನ್ನೇ ದೂರುವ ಮೊದಲು ತಣಿದ ರೀತಿಯನ್ನು ಪರೀಕ್ಷಿಸಬೇಕು ಎಂಬುದೇ ಈ ಬರಹದ ಒತ್ತಾಯ. ಮನೆಯಲ್ಲಿ ಬೆಣ್ಣೆ ಕಾಯಿಸುವವರಿಗೂ ತುಪ್ಪ ಮಾಡಿ ಮಾರುವ ಸಣ್ಣ ಘಟಕಗಳಿಗೂ ಇದು ಹೊಂದುತ್ತದೆ.

ಗಟ್ಟಿಯಾಗುವುದು ಎಂದರೇನು

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ತುಪ್ಪಕ್ಕೆ ಅಂಥ ಒಂದೇ ಬಿಂದುವಿಲ್ಲ. ಪ್ರತಿ ಕೊಬ್ಬಿನ ಅಣುವೂ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡು ಆದದ್ದು. ಇದನ್ನು ಟ್ರೈಗ್ಲಿಸರೈಡ್ ಎನ್ನುತ್ತಾರೆ. ಮೂರೂ ಜಾಗಗಳಲ್ಲಿ ಸ್ಟಿಯರಿಕ್ ಆಮ್ಲವಿದ್ದರೆ ಆ ಅಣುಗಳ ಗಟ್ಟಿ ಹರಳು ಕರಗುವುದು ಸುಮಾರು 73 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೂರೂ ಜಾಗಗಳಲ್ಲಿ ಓಲಿಯಿಕ್ ಆಮ್ಲವಿದ್ದರೆ ಸುಮಾರು 5 ಡಿಗ್ರಿಯಲ್ಲೇ ಕರಗುತ್ತದೆ. ಹಾಲಿನ ಕೊಬ್ಬಿನಲ್ಲಿ 400ಕ್ಕೂ ಹೆಚ್ಚು ಬಗೆಯ ಕೊಬ್ಬಿನಾಮ್ಲಗಳನ್ನು ಗುರುತಿಸಲಾಗಿದೆ. ಬಹಳಷ್ಟು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಪಾಮಿಟಿಕ್, ಓಲಿಯಿಕ್, ಸ್ಟಿಯರಿಕ್, ಮಿರಿಸ್ಟಿಕ್ ಮುಖ್ಯವಾದವು. ಇವುಗಳ ಜೊತೆಗೆ ಬ್ಯುಟಿರಿಕ್‌ನಂಥ ಗಿಡ್ಡ ಆಮ್ಲಗಳೂ ಇರುತ್ತವೆ. ಇವೆಲ್ಲ ಮೂರು ಮೂರಾಗಿ ಸೇರಿ ಲೆಕ್ಕವಿಲ್ಲದಷ್ಟು ಬಗೆಯ ಅಣುಗಳಾಗುತ್ತವೆ. ಆದ್ದರಿಂದಲೇ ಹಾಲಿನ ಕೊಬ್ಬು ಕರಗುವ ಹರವು ಸುಮಾರು ಮೈನಸ್ 40ರಿಂದ ಪ್ಲಸ್ 40 ಡಿಗ್ರಿಯವರೆಗೆ ಚಾಚಿಕೊಂಡಿದೆ.

ಇದರ ಅರ್ಥ, ನಾವು ಬಳಸುವ ಯಾವ ತಾಪದಲ್ಲೂ ತುಪ್ಪ ಪೂರ್ತಿ ಗಟ್ಟಿಯಾಗಿರುವುದಿಲ್ಲ. 20 ಡಿಗ್ರಿಯಲ್ಲಿ ಹಸುವಿನ ತುಪ್ಪದ ಐದನೇ ಒಂದು ಭಾಗದಷ್ಟು ಮಾತ್ರ ಗಟ್ಟಿ ಹರಳು, ಉಳಿದದ್ದು ದ್ರವ. ಆದರೂ ಚಮಚ ನೆಟ್ಟರೆ ನಿಲ್ಲುತ್ತದೆ. ಆ ಸ್ವಲ್ಪ ಹರಳುಗಳು ಒಂದಕ್ಕೊಂದು ತಗುಲಿ ಜಾಲ ಕಟ್ಟಿಕೊಂಡು ದ್ರವವನ್ನು ಒಳಗೆ ಹಿಡಿದಿಡುವುದೇ ಇದಕ್ಕೆ ಕಾರಣ. ಜಾಲ ಸಣ್ಣ ಸಣ್ಣ ಹರಳುಗಳಿಂದಾದರೆ ದ್ರವ ಹೊರಬರುವುದಿಲ್ಲ, ತುಪ್ಪ ನುಣುಪಾಗಿರುತ್ತದೆ. ಹರಳುಗಳು ಕಡಿಮೆ ಸಂಖ್ಯೆಯಲ್ಲಿದ್ದು ದಪ್ಪವಾಗಿದ್ದರೆ ನಾಲಿಗೆಗೆ ಮರಳು ಮರಳಾಗಿ ಸಿಗುತ್ತವೆ, ಅವುಗಳ ನಡುವೆ ದ್ರವ ಓಡಾಡಿಕೊಂಡಿರುತ್ತದೆ. ಗಟ್ಟಿ ಕೊಬ್ಬಿನ ಒಟ್ಟು ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೂ ರೂಪ ಮಾತ್ರ ಪೂರಾ ಬೇರೆ.

ಇನ್ನೊಂದು ಸಂಗತಿ ತಿಳಿದಿರಬೇಕು. ಒಂದೇ ಕೊಬ್ಬಿನ ಅಣು ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗಿ ಬೇರೆ ಬೇರೆ ಹರಳಾಗಬಲ್ಲದು. ಒಂದೇ ಕೊಬ್ಬಿಗೆ ಮೂರು ಕರಗುವ ಬಿಂದುಗಳಿರುವುದನ್ನು ಡಫಿ ಎಂಬ ರಸಾಯನಶಾಸ್ತ್ರಜ್ಞ 1853ರಲ್ಲೇ ದಾಖಲಿಸಿದ್ದ. ಇಂದು ಆ ರೂಪಗಳನ್ನು ಆಲ್ಫಾ, ಬೀಟಾ ಪ್ರೈಮ್, ಬೀಟಾ ಎಂದು ಕರೆಯುತ್ತಾರೆ. ಅವಸರದಲ್ಲಿ ತಣಿಸಿದರೆ ಮೊದಲು ಹುಟ್ಟುವುದು ಸಡಿಲ ಜೋಡಣೆಯ ಆಲ್ಫಾ. ಅದು ಬೇಗ ಕರಗುತ್ತದೆ, ಬೇಗ ಬೀಟಾ ಪ್ರೈಮ್‌ಗೆ ತಿರುಗುತ್ತದೆ. ಎಲ್ಲಕ್ಕಿಂತ ಬಿಗಿಯಾದದ್ದು ಬೀಟಾ. ಒಂದೇ ಅಚ್ಚಿನ ಕುರ್ಚಿಗಳನ್ನು ಒಂದರೊಳಗೊಂದು ಬಿಗಿಯಾಗಿ ಪೇರಿಸಬಹುದು. ಹತ್ತಾರು ಅಳತೆಯ ಕುರ್ಚಿಗಳಾದರೆ ನಡುವೆ ಸಂದು ಉಳಿದೇ ಉಳಿಯುತ್ತದೆ. ಕೋಕೋ ಬೆಣ್ಣೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮೂರೇ ಬಗೆಯ ಅಣುಗಳಿಂದ ಆಗಿರುವುದರಿಂದ ಅದು ಬೀಟಾ ರೂಪಕ್ಕೆ ಸರಾಗವಾಗಿ ಹೋಗುತ್ತದೆ, ಬಾಯಿಯ ಬಿಸಿಗೆ ಒಮ್ಮೆಲೇ ಕರಗುತ್ತದೆ. ಹಾಲಿನ ಕೊಬ್ಬಿನ ಅಣುಗಳು ತರಹೇವಾರಿಯಾದ್ದರಿಂದ ಬಹುಮಟ್ಟಿಗೆ ಬೀಟಾ ಪ್ರೈಮ್‌ನಲ್ಲೇ ನಿಂತುಬಿಡುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವೇ ಇರುವುದರಿಂದ 24 ಡಿಗ್ರಿಯ ಆಸುಪಾಸಿನಲ್ಲಿ ಅದು ಒಂದೇ ಬೆಳಗಿಗೆ ಗಟ್ಟಿಯಾಗಿ, ಬಿಸಿಲೇರಿದಂತೆ ಪೂರ್ತಿ ನೀರಾಗುತ್ತದೆ. ತುಪ್ಪ ಹಾಗೆ ಮಾಡುವುದಿಲ್ಲ, ಮಾಡಬೇಕೆಂದು ನಿರೀಕ್ಷಿಸಲೂಬಾರದು.

ಮೊದಲು ಈ ಪರೀಕ್ಷೆ ಮಾಡಿ

ಯಾವ ದೂರೇ ಇರಲಿ, ಆರಂಭಿಸಬೇಕಾದದ್ದು ಇಲ್ಲಿಂದಲೇ. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತುಪ್ಪವನ್ನು ಪೂರ್ತಿ ಕರಗಿಸಿ, ತಳ ಸೇರುವಂತೆ ಚೆನ್ನಾಗಿ ಕಲಕಿ. ಎರಡು ಸಣ್ಣ ಸ್ಟೀಲ್ ಬಟ್ಟಲಿಗೆ ಸಮನಾಗಿ ಸುರಿದು, ಎರಡನ್ನೂ 60ರಿಂದ 65 ಡಿಗ್ರಿಗೆ ಏರಿಸಿ ಹತ್ತು ನಿಮಿಷ ಅಲ್ಲೇ ಇಡಿ. ಈ ಹತ್ತು ನಿಮಿಷವನ್ನು ಬಿಡಬೇಡಿ. ಕಣ್ಣಿಗೆ ತಿಳಿಯಾಗಿ ಕಂಡ ಮೇಲೂ ಹಳೆಯ ಹರಳುಗಳ ಕಾಣದ ತುಣುಕುಗಳು ಉಳಿದಿರಬಹುದು. ಅವು ಉಳಿದರೆ ಹೊಸ ಹರಳುಗಳು ಅವುಗಳ ಮೇಲೆಯೇ ಬೆಳೆದು ಪರೀಕ್ಷೆ ದಾರಿ ತಪ್ಪಿಸುತ್ತದೆ.

ಒಂದು ಬಟ್ಟಲನ್ನು ನೇರವಾಗಿ ಫ್ರಿಜ್‌ಗೆ ಇಡಿ. ಇನ್ನೊಂದನ್ನು ಮುಚ್ಚಿ, ದಪ್ಪ ಟವೆಲ್ ಸುತ್ತಿ, ಹಾಟ್‌ಬಾಕ್ಸ್‌ನೊಳಗಿಟ್ಟು 28ರಿಂದ 30 ಡಿಗ್ರಿಯ ಜಾಗದಲ್ಲಿ ಅಲುಗಾಡಿಸದೆ ಬಿಡಿ. ಬೆಂಗಳೂರಿನ ಅಥವಾ ಬೆಳಗಾವಿಯ ಡಿಸೆಂಬರ್ ರಾತ್ರಿಗಳಲ್ಲಿ ಕೋಣೆಯ ತಾಪ ಅದಕ್ಕಿಂತ ಬಹಳ ಕೆಳಗಿರುತ್ತದೆ. ಆಗ ಬಾಕ್ಸ್‌ನೊಳಗೆ ಉಗುರುಬೆಚ್ಚಗಿನ ನೀರಿನ ಬಾಟಲಿಯನ್ನೂ ಇಟ್ಟು ಆಗಾಗ ಬದಲಿಸಬೇಕಾಗುತ್ತದೆ.

ನಿಧಾನವಾಗಿ ತಣಿಯುವ ಬಟ್ಟಲನ್ನು ಗಮನಿಸುವುದು ಒಳ್ಳೆಯ ಪಾಠ. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ತುಪ್ಪ ಬಂಗಾರದ ಬಣ್ಣದಲ್ಲಿ ತಿಳಿಯಾಗಿಯೇ ಇರುತ್ತದೆ. ತಾಪ ಕರಗುವ ಬಿಂದುವಿಗಿಂತ ಕೆಳಗಿಳಿದರೂ ಹರಳಿನ ಮೊದಲ ಕಣ ಹುಟ್ಟುವುದಕ್ಕೆ ಸಮಯ ಹಿಡಿಯುತ್ತದೆ. ಆಮೇಲೆ ತಳದಲ್ಲೂ ಬಟ್ಟಲಿನ ಗೋಡೆಯಲ್ಲೂ ಬಿಡಿ ಬಿಡಿಯಾಗಿ ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಚುಕ್ಕೆಯೂ ದುಂಡಗಿನ ಗಂಟು. ಇನ್ನೂ ಹಿಗ್ಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವಿನಿಂದ ಎಲ್ಲ ದಿಕ್ಕಿಗೂ ಸೂಜಿಗಳು ಹೊರಟಿರುತ್ತವೆ. ಚುಕ್ಕೆಗಳು ಬಿಳುಪು, ಸುತ್ತಲಿನ ದ್ರವ ಮೊದಲಿಗಿಂತ ಹೆಚ್ಚು ಹಳದಿ. ಹಸುವಿನ ತುಪ್ಪಕ್ಕೆ ಬಣ್ಣ ಕೊಡುವ ಕ್ಯಾರೋಟಿನ್ ಹರಳಿನೊಳಗೆ ಹೋಗದೆ ದ್ರವದಲ್ಲೇ ಉಳಿಯುವುದರಿಂದ ಹೀಗಾಗುತ್ತದೆ.

ಎರಡು ದಿನದೊಳಗೆ ಈ ಬಟ್ಟಲಿನಲ್ಲಿ ಹರಳು ಬಂದು ಫ್ರಿಜ್‌ನದು ನುಣುಪಾಗಿ ಕೂತಿದ್ದರೆ ತೀರ್ಮಾನ ಸ್ಪಷ್ಟ: ದೋಷ ತಣಿಸಿದ ರೀತಿಯಲ್ಲಿತ್ತು. ಎರಡರಲ್ಲೂ ಹರಳಿಲ್ಲದಿದ್ದರೆ ಮುಂದೆ ನೋಡಬೇಕು.

ನುಣ್ಣಗೆ, ಜಿಡ್ಡುಜಿಡ್ಡಾಗಿ ಕೂತ ತುಪ್ಪ

ಅತಿ ಸಾಮಾನ್ಯವಾದ ದೂರು ಇದು, ಕಾರಣಗಳೂ ಹಲವು. ಕಾಯಿಸಿದ ತುಪ್ಪವನ್ನು ತಣ್ಣನೆಯ ಕಲ್ಲಿನ ಕಟ್ಟೆಯ ಮೇಲೆ, ಫ್ಯಾನ್ ಕೆಳಗೆ, ಇಲ್ಲವೇ ನೀರು ತುಂಬಿದ ತಟ್ಟೆಯಲ್ಲಿಟ್ಟು ಆರಿಸಿದರೆ ಏಕಕಾಲಕ್ಕೆ ಅಸಂಖ್ಯ ಹರಳುಗಳು ಹುಟ್ಟುತ್ತವೆ, ಯಾವುದಕ್ಕೂ ಬೆಳೆಯಲು ಸಾಮಗ್ರಿ ಉಳಿಯುವುದಿಲ್ಲ. ಅವಸರದಲ್ಲಿ ಇನ್ನೊಂದು ಅನಾಹುತವೂ ಆಗುತ್ತದೆ: ಹೆಚ್ಚಿನ ತಾಪದಲ್ಲಿ ಕರಗುವ ಅಣುಗಳು ತಮ್ಮಷ್ಟಕ್ಕೆ ತಾವು ಗುಂಪುಗೂಡುವ ಮೊದಲೇ ಕಡಿಮೆ ತಾಪದಲ್ಲಿ ಕರಗುವವೂ ಅದೇ ಹರಳಿನೊಳಗೆ ಸಿಕ್ಕಿಕೊಳ್ಳುತ್ತವೆ. ಇಂಥ ಮಿಶ್ರ ಹರಳು ಮೆತ್ತಗಿರುತ್ತದೆ, ತುಪ್ಪ ನಾಲಿಗೆಗೆ ಜಿಡ್ಡಾಗಿ ಅಂಟುತ್ತದೆ.

ಆರುತ್ತಿರುವಾಗ ಕಲಕುವುದು, ಡಬ್ಬಿಯನ್ನು ಅಲುಗಾಡಿಸುವುದು, ಬೈಕಿನ ಮೇಲೋ ಆಟೋದಲ್ಲೋ ಬೆಚ್ಚಗಿರುವಾಗಲೇ ಸಾಗಿಸುವುದು ಕೂಡ ಇದನ್ನೇ ಮಾಡುತ್ತವೆ. ಬೆಳೆಯುತ್ತಿರುವ ಹರಳು ಮುರಿದರೆ ಪ್ರತಿ ಚೂರೂ ಹೊಸ ಹರಳಿನ ಮೊಳಕೆಯಾಗುತ್ತದೆ.

ಮೂರನೆಯದು ಸೋಸುವಿಕೆ. ಗಸಿಯ ಕಣಗಳು ಉಳಿದಿದ್ದರೆ ಅವುಗಳ ಮೇಲೆ ಹರಳುಗಳು ಬೇಗ ಮತ್ತು ಹೆಚ್ಚು ಸಂಖ್ಯೆಯಲ್ಲಿ ಹುಟ್ಟುತ್ತವೆ. ಚಹಾ ಸೋಸುವ ಜಾಲರಿ ಇದಕ್ಕೆ ಸಾಲದು. ಒಣಗಿದ, ಒತ್ತು ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಬಿಸಿಯಿರುವಾಗಲೇ ಸೋಸಬೇಕು.

ಪರಿಹಾರ: ಪೂರ್ತಿ ಕರಗಿಸಿ, ಸೋಸಿ, ಮೇಲೆ ಹೇಳಿದಂತೆ ನಿಧಾನವಾಗಿ ಆರಿಸಿ. ಪ್ರತಿ ಬಾರಿಯೂ ಒಂದೇ ಬಗೆಯ ಹರಳು ಬೇಕೆನ್ನುವ ಘಟಕಗಳು ಬೀಜದ ಹರಳನ್ನು ಬಳಸಬಹುದು. ತುಪ್ಪ 30 ಡಿಗ್ರಿಯ ಆಸುಪಾಸಿಗೆ ಇಳಿದಾಗ, ಚೆನ್ನಾಗಿ ಹರಳುಗಟ್ಟಿದ ಹಿಂದಿನ ತುಪ್ಪವನ್ನು ನೂರಕ್ಕೆ ಒಂದೆರಡು ಪಾಲಿನಷ್ಟು ಹಾಕಿ ಒಮ್ಮೆ ಮೆಲ್ಲಗೆ ತಿರುವಿ ಬಿಡಬೇಕು. 40 ಡಿಗ್ರಿಯಲ್ಲಿ ಹಾಕಿದರೆ ಬೀಜ ಕರಗಿಹೋಗುತ್ತದೆ, ಶ್ರಮ ವ್ಯರ್ಥ. ದೊಡ್ಡ ಡಬ್ಬಿಗಳನ್ನು ಒತ್ತೊತ್ತಾಗಿ ಜೋಡಿಸಿದರೆ ನಡುವಿನವು ನಿಧಾನವಾಗಿ, ಅಂಚಿನವು ಬೇಗ ಆರುತ್ತವೆ. ಒಂದೇ ದಿನ ತುಂಬಿದ ಡಬ್ಬಿಗಳಲ್ಲಿ ಎರಡು ಬಗೆಯ ತುಪ್ಪ ಕಂಡರೆ ಜೋಡಿಸಿದ ಕ್ರಮವನ್ನು ಮೊದಲು ನೋಡಿ.

ನಿಧಾನವಾಗಿ ಆರಿಸಿದರೂ ಹರಳು ಬಾರದಿದ್ದರೆ

ಈಗ ಹಾಲಿನತ್ತ ನೋಡುವ ಸಮಯ. ಅದೂ ದೂರಲಿಕ್ಕಲ್ಲ, ತಿಳಿಯಲಿಕ್ಕೆ. ಎಮ್ಮೆಯ ಕೊಬ್ಬಿನಲ್ಲಿ ಹೆಚ್ಚಿನ ತಾಪದಲ್ಲಿ ಕರಗುವ ಅಣುಗಳ ಪಾಲು ಹಸುವಿನದಕ್ಕಿಂತ ಹೆಚ್ಚು, ಆದ್ದರಿಂದ ಹರಳೂ ದಪ್ಪ. ಎಮ್ಮೆ ತುಪ್ಪದ ರುಚಿ ಹತ್ತಿದವರು ಹಸುವಿನ ತುಪ್ಪಕ್ಕೆ ಬದಲಾದಾಗ "ಹಿಂದಿನಂತಿಲ್ಲ" ಎನ್ನುವುದು ಸಹಜ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು.

ಮೇವಿನ ಪಾತ್ರವೂ ದೊಡ್ಡದು. ಹತ್ತಿಕಾಳು ಮತ್ತು ಅದರ ಹಿಂಡಿಯನ್ನು ಹೆಚ್ಚಾಗಿ ತಿಂದ ದನಗಳ ತುಪ್ಪ ಗಟ್ಟಿ, ಹರಳೂ ದೊಡ್ಡದು. ಹತ್ತಿ ಬೆಳೆಯುವ ಸೀಮೆಯ ತುಪ್ಪದ ಗುಣವೇ ಬೇರೆಯೆಂದು ನಮ್ಮ ದೇಶದ ಆಹಾರ ಮಾನದಂಡಗಳೂ ಅಂಥ ಪ್ರದೇಶಗಳಿಗೆ ಪ್ರತ್ಯೇಕ ಮಿತಿಗಳನ್ನು ಇಟ್ಟುಕೊಂಡು ಬಂದಿವೆ. ಮಳೆ ಬಿದ್ದು ಹಸಿರು ಮೇವು ಸಮೃದ್ಧವಾದಾಗ ಓಲಿಯಿಕ್ ಆಮ್ಲ ಹೆಚ್ಚಿ ತುಪ್ಪ ಮೆತ್ತಗಾಗುತ್ತದೆ, ಬಣ್ಣ ಹೆಚ್ಚುತ್ತದೆ. ಹರಳು ಕಡಿಮೆಯಾದರೂ ಅದು ದೋಷವಲ್ಲ. ಹಾಲು ಕೊಡುವವರನ್ನು ಕೇಳಬೇಕಾದ ಪ್ರಶ್ನೆ "ಏನು ಬೆರೆಸಿದಿರಿ" ಎಂದಲ್ಲ, "ಈ ತಿಂಗಳು ದನಗಳಿಗೆ ಏನು ಹಾಕುತ್ತಿದ್ದೀರಿ" ಎಂದು.

ಮೇಲೆ ಎಣ್ಣೆ, ಕೆಳಗೆ ಹರಳು

ಇದು ದೋಷವೇ ಅಲ್ಲ, ನಿಧಾನವಾಗಿ ತಣಿದುದರ ಗುರುತು. ದಪ್ಪ ಹರಳುಗಳು ದ್ರವಕ್ಕಿಂತ ಭಾರವಾದ್ದರಿಂದ ಕೆಳಗಿಳಿಯುತ್ತವೆ, ದ್ರವ ಮೇಲೆ ತೇಲುತ್ತದೆ. ತೊಂದರೆ ಬಳಕೆಯಲ್ಲಿದೆ: ದಿನವೂ ಮೇಲಿನದನ್ನೇ ಬಗ್ಗಿಸಿಕೊಂಡರೆ ಕೊನೆಗೆ ತಳದಲ್ಲಿ ಒರಟು, ಬಿಳಿ, ಪರಿಮಳ ಕಡಿಮೆಯಾದ ತುಪ್ಪ ಉಳಿಯುತ್ತದೆ. ಒಣ ಚಮಚದಿಂದ ತಳದವರೆಗೂ ಹಾಕಿ ಎರಡನ್ನೂ ಸೇರಿಸಿ ತೆಗೆದುಕೊಳ್ಳಿ. ಮಾರುವವರಿಗೆ ಪದರ ಒಡೆಯುವುದು ಬೇಡವೆಂದಾದರೆ ಆರಿಸುವ ತಾಪವನ್ನು ತುಸು ಇಳಿಸಿ ಹರಳನ್ನು ಸ್ವಲ್ಪ ಸಣ್ಣದಾಗಿಸಬೇಕು. ದೊಡ್ಡ ಹರಳು ಬೇಕು, ದ್ರವವೂ ಬೇರೆಯಾಗಬಾರದು ಎಂದರೆ ಕೊಬ್ಬು ಒಪ್ಪುವುದಿಲ್ಲ.

ಮೇಲ್ಮೈ ನಡುವೆ ಗುಳಿ ಬಿದ್ದು ಬಿರುಕು ಬಿಟ್ಟಿದ್ದರೆ ಅದಕ್ಕೂ ಹೆದರಬೇಕಾಗಿಲ್ಲ. ಕೊಬ್ಬು ಗಟ್ಟಿಯಾಗುವಾಗ ಕುಗ್ಗುತ್ತದೆ, ಕೊನೆಗೆ ಆರುವುದು ನಡುಭಾಗ.

ಸದಾ ನೀರಾಗಿಯೇ ಇರುವ ತುಪ್ಪ

ಮಂಗಳೂರು, ಕಾರವಾರದ ಮಾರ್ಚ್–ಮೇ ತಿಂಗಳುಗಳಲ್ಲಿ ಹಸುವಿನ ತುಪ್ಪ ನೀರಾಗಿರುವುದು ಸಹಜ. 30 ಡಿಗ್ರಿಯಲ್ಲಿ ಅದರ ಗಟ್ಟಿ ಭಾಗ ಹತ್ತನೇ ಒಂದಕ್ಕಿಂತಲೂ ಕಡಿಮೆ. ಕಲಬುರಗಿ, ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಯಾವ ತುಪ್ಪವೂ ಗಟ್ಟಿಯಾಗಿ ಉಳಿಯಬಾರದು. ಉಳಿದರೆ ಆಗ ಯೋಚಿಸಬೇಕು. 20 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟರೂ ದ್ರವವಾಗಿಯೇ ಇದ್ದರೆ ಬೇರೆ ಎಣ್ಣೆ ಸೇರಿರುವ ಅನುಮಾನಕ್ಕೆ ಆಧಾರವಿದೆ. ಎರಡು ಬಗೆಯ ಕೊಬ್ಬುಗಳ ಅಣುಗಳು ಒಂದರ ಹರಳಿನಲ್ಲಿ ಇನ್ನೊಂದು ಹೊಂದದಿದ್ದರೆ ಮಿಶ್ರಣ ಎರಡಕ್ಕಿಂತಲೂ ಮೆತ್ತಗಾಗುವುದುಂಟು. ಚಾಕೊಲೇಟ್ ಮಾಡುವವರು ಕೋಕೋ ಬೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಪೇಚಾಡುವುದು ಇದೇ ಕಾರಣಕ್ಕೆ.

ಬಿಸಿ ಮಾಡಿದರೂ ತಿಳಿಯಾಗದ ತುಪ್ಪ

45 ಡಿಗ್ರಿ ದಾಟಿದ ಮೇಲೆ ಶುದ್ಧ ತುಪ್ಪದಲ್ಲಿ ಹರಳು ಉಳಿಯುವುದಿಲ್ಲ. ಆದರೂ ಮಬ್ಬಾಗಿದ್ದರೆ ಮೂರು ಸಾಧ್ಯತೆಗಳು.

ನೀರು ಉಳಿದಿರಬಹುದು. ಒಂದು ಚಮಚವನ್ನು ಸಣ್ಣ ಬಾಣಲೆಯಲ್ಲಿ ಬಿಸಿಮಾಡಿ, ಕಿವಿಗೊಟ್ಟು ಕೇಳಿ. ಚಟಪಟ ಸದ್ದು ಬಂದರೆ ನೀರಿದೆ. ಬೆಣ್ಣೆ ಕಾಯಿಸುವಾಗ ನೀರು ಇರುವವರೆಗೂ ತಾಪ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸದ್ದು ನಿಂತು ಗಸಿ ಕೆಂಬಣ್ಣಕ್ಕೆ ತಿರುಗುವಾಗ ತಾಪ ಅದಕ್ಕಿಂತ ಮೇಲೇರಿರುತ್ತದೆ. ಸದ್ದು ಅಡಗುವ ಮೊದಲೇ ಇಳಿಸಿದರೆ ಮಬ್ಬು ಉಳಿಯುತ್ತದೆ, ಮುಂದೆ ಹುಳಿ ವಾಸನೆಯೂ ಬರುತ್ತದೆ. ಮತ್ತೆ ಕಾಯಿಸಿ ಸೋಸಿದರೆ ಸರಿಹೋಗುತ್ತದೆ.

ಸದ್ದಿಲ್ಲದಿದ್ದರೆ ಗಸಿಯ ಪುಡಿ ಇರಬಹುದು. ಬಿಸಿಯಾಗಿ ಒಂದು ಗಂಟೆ ಅಲುಗಾಡಿಸದೆ ಬಿಟ್ಟರೆ ತಳಕ್ಕೆ ಕೂರುತ್ತದೆ.

ಎರಡೂ ಅಲ್ಲ, 45 ಡಿಗ್ರಿಯಲ್ಲಿ ಬಿಳಿ ಕಣಗಳು ತೇಲುತ್ತಿವೆ, 60 ಡಿಗ್ರಿಗೆ ಏರಿಸಿದಾಗ ಮಾಯವಾಗುತ್ತವೆ ಎಂದಾದರೆ ಅವು ಕೊಬ್ಬಿನ ಹರಳುಗಳೇ, ಆದರೆ ಹಾಲಿನ ಕೊಬ್ಬಿನವಲ್ಲ. ತಾಳೆ ಎಣ್ಣೆಯಿಂದ ಬೇರ್ಪಡಿಸಿದ ಗಟ್ಟಿ ಭಾಗ, ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಎಣ್ಣೆ, ಪ್ರಾಣಿಗಳ ದೇಹದ ಕೊಬ್ಬು ಈ ತಾಪದಲ್ಲಿ ಹೀಗೆ ವರ್ತಿಸಬಲ್ಲವು. ಬಾಯಲ್ಲಿ ಕರಗದೆ ಅಂಗುಳಕ್ಕೆ ಮೇಣದಂತೆ ಹತ್ತುವ ತುಪ್ಪವನ್ನೂ ಈ ಪರೀಕ್ಷೆಗೆ ಒಡ್ಡಿ. ನಾಲಿಗೆಯ ಬಿಸಿ 37 ಡಿಗ್ರಿ ದಾಟುವುದಿಲ್ಲ.

ಚೆನ್ನಾಗಿದ್ದ ತುಪ್ಪ ಆಮೇಲೆ ಕೆಟ್ಟರೆ

ಒಲೆಯ ಪಕ್ಕದ ಡಬ್ಬಿ ಹಗಲು ಅರ್ಧ ಕರಗಿ ರಾತ್ರಿ ಗಟ್ಟಿಯಾಗುತ್ತದೆ. ಪ್ರತಿ ಸುತ್ತಿನಲ್ಲೂ ಸಣ್ಣ ಹರಳುಗಳು ಕರಗಿಹೋಗಿ, ಉಳಿದ ದೊಡ್ಡವು ಇನ್ನಷ್ಟು ದೊಡ್ಡದಾಗುತ್ತವೆ. ಕೆಲವು ವಾರಗಳಲ್ಲಿ ತಳದಲ್ಲಿ ಒರಟು ಕಣಗಳು, ಮೇಲೆ ಎಣ್ಣೆ. ಚಾಕೊಲೇಟಿನ ಮೈಮೇಲೆ ಬರುವ ಬೂದಿಬಣ್ಣದ ಪುಡಿಗೂ ತಾಪದ ಈ ಏರಿಳಿತವೇ ಮುಖ್ಯ ಕಾರಣ. ಅದನ್ನು ಬೂಷ್ಟು ಎಂದು ಎಸೆಯುವವರಿದ್ದಾರೆ. ಅದು ಕೋಕೋ ಬೆಣ್ಣೆ ಮೇಲ್ಮೈಗೆ ಬಂದು ಮರಳಿ ಹರಳಾದದ್ದು.

ಮೈಕ್ರೋವೇವ್‌ನಲ್ಲಿ ಅರೆಬರೆ ಕರಗಿಸಿ ಮತ್ತೆ ಫ್ರಿಜ್‌ಗೆ ಇಡುವ ಅಭ್ಯಾಸವಿದ್ದರೆ ಬಿಡಿ. ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ತೆಗೆದು ಕರಗಿಸಿಕೊಳ್ಳಿ, ಮೂಲ ಡಬ್ಬಿ ಒಲೆಯಿಂದ ದೂರದ ಕಪಾಟಿನಲ್ಲಿರಲಿ.

ಬೆರಕೆಯ ಅನುಮಾನ ಉಳಿದರೆ

ಮೇಲಿನ ಎಲ್ಲವನ್ನೂ ದಾಟಿದ ಮೇಲಷ್ಟೇ ಇಲ್ಲಿಗೆ ಬನ್ನಿ. ವನಸ್ಪತಿ ತಯಾರಕರು ತುಪ್ಪದಂತೆ ಕಾಣಲೆಂದೇ ಅದನ್ನು ನಿಧಾನವಾಗಿ ಆರಿಸಿ ಹರಳು ಕಟ್ಟಿಸುತ್ತಾರೆ. ಹರಳನ್ನೇ ಸಾಕ್ಷಿಯಾಗಿ ಹಿಡಿಯುವವರನ್ನು ಏಮಾರಿಸುವುದು ಇಷ್ಟು ಸುಲಭ. ವನಸ್ಪತಿಗೆ ಎಳ್ಳೆಣ್ಣೆ ಸೇರಿಸಬೇಕೆಂಬ ಕಾನೂನು ಬಂದದ್ದು ಇಂಥ ಬೆರಕೆ ಪತ್ತೆಯಾಗಲೆಂದೇ. ಬೌಡೌನ್ ಪರೀಕ್ಷೆಯಲ್ಲಿ ಎಳ್ಳೆಣ್ಣೆಯಿದ್ದರೆ ಕೆಂಪು ಬಣ್ಣ ಬರುತ್ತದೆ. ಅದಕ್ಕೆ ತೀಕ್ಷ್ಣ ಹೈಡ್ರೋಕ್ಲೋರಿಕ್ ಆಮ್ಲ ಬೇಕು, ಅಡುಗೆಮನೆಯಲ್ಲಿ ಮಾಡಬೇಡಿ. ಕೆಂಪು ಬಾರದಿದ್ದರೆ ತುಪ್ಪ ಶುದ್ಧವೆಂದೂ ಅರ್ಥವಲ್ಲ, ಎಳ್ಳೆಣ್ಣೆಯಿಲ್ಲದ ಬೇರೆ ಕೊಬ್ಬು ಅಲ್ಲಿ ಸಿಕ್ಕಿಬೀಳುವುದಿಲ್ಲ. ಪ್ರಯೋಗಾಲಯಗಳು ಬ್ಯುಟಿರಿಕ್‌ನಂಥ ಗಿಡ್ಡ ಆಮ್ಲಗಳ ಪ್ರಮಾಣವನ್ನು ಸೂಚಿಸುವ ಆರ್‌ಎಂ ಮೌಲ್ಯ, ಬೆಳಕು ಬಾಗುವುದನ್ನು ಅಳೆಯುವ ಬಿಆರ್ ಮಾಪನ, ಸಸ್ಯಮೂಲದ ಸ್ಟೆರಾಲ್‌ಗಳ ಹುಡುಕಾಟ, ಕೊಬ್ಬಿನಾಮ್ಲಗಳ ಪೂರ್ತಿ ವಿಶ್ಲೇಷಣೆ ಇವನ್ನೆಲ್ಲ ಸೇರಿಸಿ ನೋಡುತ್ತವೆ.

ಮಾದರಿ ಕೊಡುವ ಕ್ರಮದಲ್ಲಿ ಎಚ್ಚರ ಬೇಕು. ಹರಳಿನಲ್ಲಿ ಹೆಚ್ಚಿನ ತಾಪದಲ್ಲಿ ಕರಗುವ ಅಣುಗಳು ಸೇರಿಕೊಂಡಿರುತ್ತವೆ, ದ್ರವದಲ್ಲಿ ಓಲಿಯಿಕ್ ಆಮ್ಲವೂ ಗಿಡ್ಡ ಆಮ್ಲಗಳೂ ಹೆಚ್ಚಾಗಿರುತ್ತವೆ. ಪದರ ಒಡೆದ ಡಬ್ಬಿಯ ಮೇಲಿನಿಂದ ಒಂದು ಶೀಶೆ, ತಳದಿಂದ ಇನ್ನೊಂದು ಶೀಶೆ ತುಂಬಿ ಕಳಿಸಿದರೆ ಒಂದೇ ತುಪ್ಪಕ್ಕೆ ಎರಡು ವರದಿ ಬರುತ್ತದೆ, ಯಾವ ತಪ್ಪೂ ಮಾಡದ ಉತ್ಪಾದಕನ ಮೇಲೆ ಕಳಂಕ ಬರುತ್ತದೆ. ಇಡೀ ಡಬ್ಬಿಯನ್ನು 60 ಡಿಗ್ರಿಗೆ ಕರಗಿಸಿ, ತಳದವರೆಗೂ ಕಲಕಿ, ಬಿಸಿಯಿರುವಾಗಲೇ ಒಣ ಗಾಜಿನ ಶೀಶೆಗೆ ತುಂಬಿ ಮುಚ್ಚಬೇಕು. ಅದೇ ಸುರಿವಿನಿಂದ ಇನ್ನೊಂದು ಶೀಶೆ ತುಂಬಿ, ದಿನಾಂಕ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ.